ಜೆಡ್ಡಾದಲ್ಲಿ 2027ರ ಖಗ್ರಾಸ ಸೂರ್ಯಗ್ರಹಣ: 150-600 ತಗೊಳ್ಳಲಾ, ಇದ್ದ ಲೆನ್ಸ್ ಸಾಕಾ?

ಕಡಲತಡಿ (ಜೆಡ್ಡಾ)

ಎಲ್ಲರಿಗೂ ನಮಸ್ಕಾರ. ಊರು ಮಂಗಳೂರು, ಕೆಲಸ ಜೆಡ್ಡಾದಲ್ಲಿ. 2027ರ ಆಗಸ್ಟ್ 2ರ ಖಗ್ರಾಸ ಸೂರ್ಯಗ್ರಹಣ ನಮ್ಮ ತಾರಸಿಯಿಂದಲೇ ಕಾಣ್ತದೆ. ಮಧ್ಯಾಹ್ನ ಒಂದೂಕಾಲು ದಾಟಿದ ಮೇಲೆ ಸುಮಾರು ಆರು ನಿಮಿಷ ಸೂರ್ಯ ಪೂರ್ತಿ ಮುಚ್ಚಿ ಹೋಗ್ತಾನೆ. 2019ರ ಡಿಸೆಂಬರಿನಲ್ಲಿ ಊರಿನಲ್ಲಿದ್ದೆ, ಕಂಕಣ ಗ್ರಹಣದ ಫೋಟೋ ತೆಗೆದಿದ್ದೆ. ಖಗ್ರಾಸ ಮಾತ್ರ ಈವರೆಗೆ ನೋಡಿದ್ದಿಲ್ಲ.

ಕೈಯಲ್ಲಿರುವುದು ಕ್ಯಾನನ್ 80ಡಿ, 55-250 ಲೆನ್ಸ್, 18-55 ಕಿಟ್ ಲೆನ್ಸ್, ಒಂದು ಹಗುರದ ಟ್ರೈಪಾಡ್. ಇಲ್ಲಿ ಒಬ್ಬರು 150-600 ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಕೊಡ್ತೇನೆ ಅಂತಿದ್ದಾರೆ. ತಗೊಳ್ಳುವುದಾ ಬೇಡವಾ? ಸೂರ್ಯನನ್ನು ಹಿಂಬಾಲಿಸುವ ಟ್ರ್ಯಾಕರ್ ಬೇಕೇ ಬೇಕು ಅಂತ ಕೆಲವರು, ಬೇಡ ಅಂತ ಕೆಲವರು. ಹೆಂಡತಿ ಮಕ್ಕಳೂ ಜೊತೆಗಿರ್ತಾರೆ, ಹಾಗಾಗಿ ಇಡೀ ಹೊತ್ತು ಕ್ಯಾಮೆರಾಕ್ಕೆ ಅಂಟಿಕೊಂಡು ಕೂರಲಿಕ್ಕೆ ಆಗುವುದಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ತಾರೆಗಣ್ಣು (ಬೆಂಗಳೂರು)

ಲೆನ್ಸ್ ವಿಷಯ ಮೊದಲು. ಫೋಕಲ್ ಲೆಂಗ್ತ್ ಅನ್ನು (ಲೆನ್ಸಿನ ಹೆಸರಲ್ಲಿರುವ 250, 600 ಥರದ ಮಿ.ಮೀ. ಸಂಖ್ಯೆ) 109ರಿಂದ ಭಾಗಿಸಿ, ಸೆನ್ಸರ್ ಮೇಲೆ ಸೂರ್ಯನ ಬಿಂಬ ಎಷ್ಟು ಮಿ.ಮೀ. ಅಂತ ಸಿಗುತ್ತೆ. 250ಕ್ಕೆ 2.3 ಮಿ.ಮೀ., 400ಕ್ಕೆ 3.7, 600ಕ್ಕೆ 5.5. ನಿಮ್ಮ 80ಡಿ ಸೆನ್ಸರ್‌ನ ಎತ್ತರ ಸುಮಾರು 15 ಮಿ.ಮೀ. ಅಂದರೆ 250ರಲ್ಲಿ ತೆಗೆದರೂ ಸೂರ್ಯನ ಬಿಂಬ ಆರುನೂರು ಪಿಕ್ಸೆಲ್ ಅಗಲ ಬರುತ್ತೆ. ಗೋಡೆಗೆ ಹಾಕುವಂಥ ಪ್ರಿಂಟ್‌ಗೆ ಇದು ಕಡಿಮೆಯೇನಲ್ಲ.

2019ರ ಕಂಕಣಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಕಂಕಣದಲ್ಲಿ ಬಿಂಬ ಎಷ್ಟು ದೊಡ್ಡದಿದ್ದರೆ ಅಷ್ಟು ಚೆನ್ನ, ಯಾಕಂದರೆ ಉಂಗುರದ ಆಚೆ ಏನೂ ಕಾಣಲ್ಲ. ಖಗ್ರಾಸದಲ್ಲಿ ಚಿತ್ರ ಶುರುವಾಗೋದೇ ಬಿಂಬದ ಆಚೆ. ಕರೋನಾದ, ಅಂದರೆ ಸೂರ್ಯನ ಸುತ್ತಲಿನ ಬೆಳ್ಳನೆಯ ಪ್ರಭೆಯ, ಎಳೆಗಳು ಸೂರ್ಯನ ವ್ಯಾಸದ ಎರಡು ಮೂರು ಪಟ್ಟು ದೂರಕ್ಕೆ ಚಾಚಿರುತ್ತವೆ. ನಿಮ್ಮ 80ಡಿಯಂಥ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ 600 ಹಾಕಿದರೆ ಆ ಎಳೆಗಳು ಫ್ರೇಮ್‌ನ ಅಂಚಿಗೆ ಬಡಿದು ತುಂಡಾಗುತ್ತವೆ. 300ರಿಂದ 400ರ ನಡುವೆ ಒಳ್ಳೇ ಜಾಗ. 250 ಕೂಡ ನಡೆಯುತ್ತೆ.

ಬೆಳಕಿನಬೇಟೆ (ಮೈಸೂರು)

ನಾನು ಕಬಿನಿ, ನಾಗರಹೊಳೆ ಕಡೆ ಕಾಡುಪ್ರಾಣಿ ಫೋಟೋ ತೆಗೆಯುವವನು, 150-600 ನನ್ನ ದಿನನಿತ್ಯದ ಲೆನ್ಸ್. ಒಳ್ಳೆಯ ಲೆನ್ಸೇ, ಆದರೆ ಎರಡು ಕೆಜಿ ತೂಕ. ಈಗ ಒಂದು ಪ್ರಯೋಗ ಮಾಡಿ ನೋಡಿ ಸರ್. ನಿಮ್ಮ ಹಗುರದ ಟ್ರೈಪಾಡ್ ಮೇಲೆ ಇರುವ ಲೆನ್ಸನ್ನೇ ಹಾಕಿ, ನೆತ್ತಿಯ ಕಡೆಗೆ ತಿರುಗಿಸಿ. ಜೆಡ್ಡಾದಲ್ಲಿ ಆ ಹೊತ್ತಿಗೆ ಸೂರ್ಯ ಎಷ್ಟು ಎತ್ತರದಲ್ಲಿರುತ್ತಾನೆ?

ತಾರೆಗಣ್ಣು (ಬೆಂಗಳೂರು)

ದಿಗಂತದಿಂದ ಸುಮಾರು 77 ಡಿಗ್ರಿ. ಈಜಿಪ್ಟಿನ ಲಕ್ಸರ್‌ನಲ್ಲಿ 82. 2026ರ ಸ್ಪೇನ್ ಗ್ರಹಣಕ್ಕೆ ಪೂರ್ತಿ ತದ್ವಿರುದ್ಧ, ಅಲ್ಲಿ ಸೂರ್ಯ ಮುಳುಗುವ ಹೊತ್ತು. ಹಾಗಾಗಿ ಅಂತರ್ಜಾಲದಲ್ಲಿ ಸ್ಪೇನ್‌ಗೆಂದು ಬರೆದ ಸಲಹೆಗಳನ್ನು ಜೆಡ್ಡಾಕ್ಕೆ ಎತ್ತಿಕೊಂಡು ಬರಬೇಡಿ.

ಬೆಳಕಿನಬೇಟೆ (ಮೈಸೂರು)

ಅದನ್ನೇ ಹೇಳಬೇಕು ಅಂತಿದ್ದೆ. 77 ಡಿಗ್ರಿ ಅಂದರೆ ಸಾಮಾನ್ಯ ಪ್ಯಾನ್-ಟಿಲ್ಟ್ ಹೆಡ್ (ಟ್ರೈಪಾಡ್ ತುದಿಯಲ್ಲಿ ಕ್ಯಾಮೆರಾ ಕೂರಿಸಿ ಹಿಡಿಕೆಯಿಂದ ತಿರುಗಿಸುವ ಭಾಗ) ಅಷ್ಟು ಹಿಂದಕ್ಕೆ ಬಗ್ಗುವುದೇ ಇಲ್ಲ. ಹಿಡಿಕೆ ಹೋಗಿ ಟ್ರೈಪಾಡ್ ಕಾಲಿಗೆ ತಾಗುತ್ತೆ. ಗುಂಡಿನ ಮೇಲೆ ಎಲ್ಲಾ ಕಡೆ ತಿರುಗುವ ಬಾಲ್ ಹೆಡ್ ಆದರೆ ಬಗ್ಗುತ್ತೆ, ಆದರೆ ಭಾರದ ಲೆನ್ಸ್ ಇದ್ದರೆ ಎಷ್ಟೇ ಬಿಗಿ ಮಾಡಿದರೂ ಕೈ ಬಿಟ್ಟ ಮೇಲೆ ಕೂದಲೆಳೆಯಷ್ಟು ಕುಸಿಯುತ್ತೆ. 600ರಲ್ಲಿ ಆ ಕೂದಲೆಳೆ ಅಂದರೆ ಸೂರ್ಯ ಫ್ರೇಮ್‌ನ ಮೂಲೆಗೆ.

ಪ್ಯಾನ್ ಹೆಡ್ ಇದ್ದವರಿಗೆ ಒಂದು ಉಪಾಯ ಇದೆ. ಬಹುತೇಕ ಹೆಡ್‌ಗಳು ಹಿಂದಕ್ಕಿಂತ ಮುಂದಕ್ಕೆ ಜಾಸ್ತಿ ಬಗ್ಗುತ್ತವೆ. ಕ್ಯಾಮೆರಾವನ್ನು ಪ್ಲೇಟ್ ಮೇಲೆ ಹಿಂದುಮುಂದಾಗಿ ಕೂರಿಸಿ, ಆಗ ಹೆಡ್ ಮುಂದಕ್ಕೆ ಬಗ್ಗಿದರೆ ಲೆನ್ಸ್ ಮೇಲಕ್ಕೆ ಏಳುತ್ತೆ. ಬಾಡಿ ಇಳಿದು ಬರುವ ಜಾಗದಲ್ಲಿ ಟ್ರೈಪಾಡ್ ಕಾಲು ಇರದ ಹಾಗೆ ಎರಡು ಕಾಲಿನ ನಡುವಿನ ಖಾಲಿ ಕಡೆಗೆ ಅದನ್ನು ತಿರುಗಿಸಿಕೊಳ್ಳಿ. ನಡುಗಂಬ ಎತ್ತಬೇಡಿ, ನಡುಗುತ್ತೆ. ಟ್ರೈಪಾಡನ್ನು ಗಿಡ್ಡ ಮಾಡಿ, ನೆಲದ ಮೇಲೆ ಚಾಪೆ ಹಾಕಿ ಕೂತು ಕೆಲಸ ಮಾಡಿ. 80ಡಿ ಪರದೆ ಹೊರಕ್ಕೆ ತೆರೆದು ತಿರುಗುತ್ತೆ, ಕತ್ತು ನೋವಾಗಲ್ಲ.

ದುಡ್ಡು ಇದೆ ಅನ್ನೋದಾದರೆ ಲೆನ್ಸ್‌ಗೆ ಹಾಕಬೇಡಿ. ಗಟ್ಟಿ ಟ್ರೈಪಾಡ್‌ಗೆ, ಹೆಡ್‌ಗೆ ಹಾಕಿ. 150-600 ಬೇಕೇ ಬೇಕು ಅಂದರೆ ಭಾರದ ಲೆನ್ಸನ್ನು ಸಮತೂಕದಲ್ಲಿ ಹಿಡಿಯುವ ಗಿಂಬಲ್ ಹೆಡ್ ಜೊತೆಗೇ ಬೇಕು. ಅದಿಲ್ಲದೆ ಆ ಲೆನ್ಸ್ ತಗೊಳ್ಳೋದು ನನ್ನ ಪ್ರಕಾರ ದಂಡ.

ಡಲ್ಲಾಸ್‌ಕನ್ನಡಿಗ

2024ರ ಏಪ್ರಿಲ್ 8ರ ಗ್ರಹಣವನ್ನು ಇಲ್ಲಿ ಡಲ್ಲಾಸ್‌ನಲ್ಲಿ ತೆಗೆದವನು ನಾನು. ಬೆಳಗ್ಗೆಯಿಂದ ಮೋಡ, ಸರಿಯಾದ ಹೊತ್ತಿಗೆ ಬಿರುಕು ಬಿಟ್ಟು ಕಾಣಿಸಿತು. ಬೇಟೆಯವರ ಮಾತಿಗೆ ನನ್ನದೂ ಒಂದು ಸಹಿ. ನನ್ನ ಪಕ್ಕದಲ್ಲಿದ್ದವರ ಹತ್ತಿರ ದೊಡ್ಡ ಲೆನ್ಸ್ ಇತ್ತು, ಮುಂದೆ ತಿರುಪಿ ಕೂರಿಸುವ ಸೋಲಾರ್ ಫಿಲ್ಟರ್. ವಜ್ರದುಂಗುರ (ಪೂರ್ತಿ ಮುಚ್ಚುವ ಮುನ್ನ ಅಂಚಿನಲ್ಲಿ ಉಳಿಯುವ ಒಂದು ಹೊಳೆಯುವ ಚುಕ್ಕೆ) ಬರೋ ಮೊದಲು ಅದನ್ನು ಬಿಚ್ಚಬೇಕಲ್ಲ, ಬಿಸಿಲಿಗೆ ತಿರುಪು ಬಿಗಿದುಕೊಂಡಿತ್ತು. ತಿರುಗಿಸೋ ಭರದಲ್ಲಿ ಫೋಕಸ್ ರಿಂಗೂ ತಿರುಗಿ, ಲೆನ್ಸೂ ಅಲುಗಿ, ಖಗ್ರಾಸದ ಮೊದಲ ಭಾಗ ಸೂರ್ಯನನ್ನು ಹುಡುಕೋದರಲ್ಲೇ ಹೋಯಿತು.

ಹಾಗಾಗಿ ತಿರುಪಿನ ಫಿಲ್ಟರ್ ಬೇಡ. ಬಾಡರ್ ಕಂಪನಿಯ ಆಸ್ಟ್ರೋಸೋಲಾರ್ ಫಿಲ್ಮ್ ಎ4 ಅಳತೆಯ ಹಾಳೆಯಲ್ಲಿ ಸಿಗುತ್ತೆ. ರಟ್ಟಿನಲ್ಲಿ ಲೆನ್ಸ್ ಹುಡ್‌ಗೆ ಕೂರುವ ಟೋಪಿ ಮಾಡಿ, ಅದಕ್ಕೆ ಈ ಫಿಲ್ಮ್ ಅಂಟಿಸಿ. ಒಂದು ಬೆರಳಲ್ಲಿ ಎತ್ತಿದರೆ ಬರಬೇಕು, ಗಾಳಿಗೆ ಮಾತ್ರ ಹಾರಬಾರದು. ಫಿಲ್ಮನ್ನು ಎಳೆದು ಬಿಗಿ ಮಾಡಬೇಡಿ, ಅಲ್ಪಸ್ವಲ್ಪ ಸುಕ್ಕಿದ್ದರೆ ಚಿತ್ರ ಕೆಡಲ್ಲ.

ತಾರೆಗಣ್ಣು (ಬೆಂಗಳೂರು)

ಆ ಫಿಲ್ಮ್‌ನಲ್ಲಿ ಎರಡು ಜಾತಿ. 5.0 ಸಾಂದ್ರತೆಯದ್ದು ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುತ್ತೆ. 3.8ರದ್ದು ಫೋಟೋಗೆ ಮಾತ್ರ, ಅದರ ಮೂಲಕ ಕಣ್ಣಿಟ್ಟು ನೋಡಲೇಬಾರದು. ಮನೆಯಲ್ಲಿ ಮಕ್ಕಳಿದ್ದಾರೆ ಅಂತೀರಿ, 80ಡಿಯಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಕೂಡ ಇದೆ. 3.8 ಮನೆಗೆ ತರುವುದೇ ಬೇಡ, 5.0 ತನ್ನಿ.

ಇನ್ನೂ ಎರಡು ಮಾತು, ಇವು ಚರ್ಚೆಗಲ್ಲ. ಫಿಲ್ಟರ್ ಯಾವಾಗಲೂ ಲೆನ್ಸಿನ ಮುಂದೆ ಇರಬೇಕು. ಗ್ರಹಣದ ಕನ್ನಡಕ ಹಾಕಿಕೊಂಡು ಕ್ಯಾಮೆರಾ ಅಥವಾ ದುರ್ಬೀನಿನಲ್ಲಿ ಇಣುಕಬಾರದು, ಲೆನ್ಸ್ ಒಟ್ಟುಮಾಡಿದ ಬೆಳಕು ಕನ್ನಡಕವನ್ನೇ ಸುಡುತ್ತೆ. ಹಳೇ ಎಕ್ಸ್‌ರೇ ಫಿಲ್ಮ್, ತಿರುಗಿಸಿ ಕಪ್ಪು ಮಾಡುವ ವೇರಿಯಬಲ್ ಎನ್‌ಡಿ ಫಿಲ್ಟರ್ ಇವೆಲ್ಲ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಅನ್ನು ಬಿಟ್ಟುಬಿಡುತ್ತವೆ. ಕಪ್ಪಾಗಿ ಕಂಡ ಮಾತ್ರಕ್ಕೆ ಸುರಕ್ಷಿತ ಅಲ್ಲ. ಮಕ್ಕಳಿಗೆ ಐಎಸ್‌ಒ 12312-2 ಅನ್ನೋ ಸುರಕ್ಷತಾ ಮಾನದಂಡದ ಗುರುತಿನ ಕನ್ನಡಕವನ್ನು ನಂಬಿಕೆಯ ಕಡೆಯಿಂದ ಮುಂಚೆಯೇ ತರಿಸಿಡಿ.

ಬಯಲುಗಾಳಿ (ಹುಬ್ಬಳ್ಳಿ)

ಎಲ್ಲಾರೂ ಚಲೋ ಬರದೀರಿ. 1980ರ ಫೆಬ್ರವರಿ 16ರ ಖಗ್ರಾಸ ನಮ್ಮೂರ ಮ್ಯಾಲೇ ಹಾದು ಹೋಗಿತ್ತು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು ಇಲ್ಲೇ ಹೊಸೂರದಾಗ ಒಂದು ಕ್ಯಾಂಪು, ರಾಯಚೂರ ಜಿಲ್ಲೆ ಜವಳಗೇರಾದಾಗ ಇನ್ನೊಂದು ಕ್ಯಾಂಪು ಹಾಕಿದ್ದರು. ಮಧ್ಯಾಹ್ನ ಮೂರೂವರಿ ದಾಟಿತ್ತು. ಓಣ್ಯಾಗ ಬಾಕಲಾ ಹಾಕ್ಕೊಂಡು ಕುಂತವರೇ ಭಾಳ. ನಮ್ಮಪ್ಪ ನನ್ನ ಮಾಳಿಗಿ ಮ್ಯಾಲೆ ಕರಕೊಂಡು ಹೋಗಿದ್ದರು. ಬೆಳಕು ತವರದ ಬಣ್ಣಕ್ಕ ತಿರುಗಿತ್ತು, ಗ್ವಾಡಿ ಮ್ಯಾಲಿನ ನೆರಳು ಚಾಕು ಹಚ್ಚಿ ಕೊರದಂಗ ಚೂಪ ಆಗಿತ್ತು. ಆಮ್ಯಾಲೆ ಸೂರ್ಯನ ಜಾಗಾದಾಗ ಕರೇ ತೂತು, ಸುತ್ತ ಬೆಳ್ಳಗ ಹರಡಿದ್ದು. ಮೂರು ನಿಮಿಷನೂ ಇರಲಿಲ್ಲರಿ ಅದು.

ನಿಮಗ ಆರು ನಿಮಿಷ ಸಿಗತದ. ಜೆಡ್ಡಾದ ತಮ್ಮಾ, ಒಂದು ಮಾತು ಕೇಳತೀನಿ. ಕ್ಯಾಮೆರಾ ತನ್ನಷ್ಟಕ್ಕ ತಾನ ತಗೀಲಿಕ್ಕೆ ಬರೂದಿಲ್ಲೇನು? ಹಂಗ ಬಂದರ ನೀವು ಮಕ್ಕಳ ಕೂಡ ನಿಂತು ನೋಡಬಹುದಲ್ಲ.

ಕಡಲತಡಿ (ಜೆಡ್ಡಾ)

ಕಾಕಾ, ನಿಮ್ಮ ಬರಹ ಓದಿ ಮೈ ಜುಮ್ಮೆಂದಿತು. ನಮ್ಮ ಅಮ್ಮನೂ 1980ರದ್ದು ಹೇಳ್ತಾ ಇರ್ತಾರೆ, ಆದರೆ ಅವರನ್ನು ಹೊರಗೆ ಬಿಡಲಿಲ್ಲವಂತೆ. ಈ ಸಲ ಅವರನ್ನು ಇಲ್ಲಿಗೆ ಕರೆಸಿಕೊಳ್ಳುವ ಯೋಚನೆ ಉಂಟು.

ಹೆಡ್ ವಿಷಯ ಅರ್ಥ ಆಯ್ತು. ನಿನ್ನೆ ರಾತ್ರಿ ನೆತ್ತಿ ಕಡೆ ತಿರುಗಿಸಿ ನೋಡಿದೆ, ಬೇಟೆ ಸರ್ ಹೇಳಿದ ಹಾಗೆಯೇ ಹಿಡಿಕೆ ತಾಗ್ತದೆ. ಹಿಂದುಮುಂದು ಮಾಡಿದರೆ ಸರಾಗ ಹೋಗ್ತದೆ. ಈಗ ಟ್ರ್ಯಾಕರ್ ವಿಷಯ ಹೇಳಿ. ಮತ್ತೆ ಕಾಕಾ ಕೇಳಿದ್ದೇ ನನ್ನ ಪ್ರಶ್ನೆಯೂ.

ತಾರೆಗಣ್ಣು (ಬೆಂಗಳೂರು)

ಟ್ರ್ಯಾಕರ್‌ಗೆ ಎರಡು ಕೆಲಸ. ಒಂದು, ಸೂರ್ಯ ಫ್ರೇಮ್‌ನಿಂದ ಜಾರದ ಹಾಗೆ ನೋಡಿಕೊಳ್ಳೋದು. ಎರಡು, ಉದ್ದದ ಎಕ್ಸ್‌ಪೋಶರ್‌ನಲ್ಲಿ (ಕ್ಯಾಮೆರಾ ಜಾಸ್ತಿ ಹೊತ್ತು ಬೆಳಕಿಗೆ ತೆರೆದಿರುವಾಗ) ಚಿತ್ರ ಅಲುಗದ ಹಾಗೆ ನೋಡಿಕೊಳ್ಳೋದು.

ಮೊದಲನೆಯದು: ಆಕಾಶದಲ್ಲಿ ಸೂರ್ಯ ನಾಲ್ಕು ನಿಮಿಷಕ್ಕೆ ಹತ್ತಿರಹತ್ತಿರ ಒಂದು ಡಿಗ್ರಿ ಸರಿಯುತ್ತಾನೆ. ಆರು ನಿಮಿಷಕ್ಕೆ 1.4 ಡಿಗ್ರಿ, ಅಂದರೆ ತನ್ನ ವ್ಯಾಸದ ಎರಡೂವರೆ ಪಟ್ಟಿಗಿಂತ ಜಾಸ್ತಿ. ಡಲ್ಲಾಸ್‌ನವರಿಗೆ ನಾಲ್ಕು ನಿಮಿಷದೊಳಗೆ ಮುಗಿದದ್ದರಿಂದ ಇದು ಅಷ್ಟು ಕಾಡಿರಲ್ಲ. 80ಡಿಯಲ್ಲಿ 600 ಹಾಕಿದರೆ ಫ್ರೇಮ್‌ನ ಉದ್ದನೇ ಬದಿಯೇ 2.1 ಡಿಗ್ರಿ, ಹಾಗಾಗಿ ನಡುವೆ ಎರಡು ಮೂರು ಸಲ ಸರಿಪಡಿಸಲೇಬೇಕು. 250 ಹಾಕಿದರೆ 5.1 ಡಿಗ್ರಿ. ಒಂದು ಬದಿಯಲ್ಲಿ ಕೂರಿಸಿ ಬಿಟ್ಟರೆ ಆರೂ ನಿಮಿಷ ಮುಟ್ಟದೇ ನಡೆಯುತ್ತೆ, ಕರೋನಾಕ್ಕೂ ಜಾಗ ಉಳಿಯುತ್ತೆ.

ಇಲ್ಲಿ ಜೆಡ್ಡಾದವರು ಗಮನಿಸಬೇಕಾದ್ದೊಂದಿದೆ. ಆ ಹೊತ್ತಿಗೆ ನಿಮ್ಮಲ್ಲಿ ಸೂರ್ಯ ನೆತ್ತಿ ದಾಟಿ ಪಶ್ಚಿಮಕ್ಕೆ ವಾಲಿರುತ್ತಾನೆ, ಹಾಗಾಗಿ ಹೆಚ್ಚೂಕಮ್ಮಿ ನೇರ ಕೆಳಕ್ಕೆ ಇಳಿಯುತ್ತಾನೆ. ಕ್ಯಾಮೆರಾವನ್ನು ಲಂಬವಾಗಿ ನಿಲ್ಲಿಸಿ, ಸೂರ್ಯನನ್ನು ಫ್ರೇಮ್‌ನ ನಡುಭಾಗಕ್ಕಿಂತ ಸ್ವಲ್ಪ ಮೇಲಿಟ್ಟು ಶುರು ಮಾಡಿ. ನಡುಹೊತ್ತಿಗೆ ಸರಿಯಾಗಿ ಮಧ್ಯಕ್ಕೆ ಬರ್ತಾನೆ. ಲಕ್ಸರ್‌ನಲ್ಲಿ ಅದೇ ಗ್ರಹಣ ಆಗುವಾಗ ಸೂರ್ಯ ದಕ್ಷಿಣದಲ್ಲಿ ತನ್ನ ಅತಿ ಎತ್ತರದ ಜಾಗದಲ್ಲೇ ಇರುತ್ತಾನೆ, ಅಲ್ಲಿ ಎಡದಿಂದ ಬಲಕ್ಕೆ ಅಡ್ಡ ಸರಿಯುತ್ತಾನೆ. ಅಲ್ಲಿಗೆ ಹೋಗುವವರು ಕ್ಯಾಮೆರಾ ಅಡ್ಡಡ್ಡ ಇಡಬೇಕು.

ಎರಡನೆಯದು ಅಲುಗಾಟ. ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 100 (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋದು) ಅಂತ ಇಟ್ಟುಕೊಂಡರೆ ಅಂಚಿನ ಗುಲಾಬಿ ಜ್ವಾಲೆಗಳಿಗೆ 1/1000 ಸೆಕೆಂಡ್ ಆಸುಪಾಸು, ಒಳಗಿನ ಕರೋನಾಕ್ಕೆ 1/200, ಅಂಚಿನಿಂದ ಸೂರ್ಯನ ಅರ್ಧ ತ್ರಿಜ್ಯದಷ್ಟು ದೂರದ್ದಕ್ಕೆ 1/15, ಹೊರಗಿನ ಮಸುಕು ಎಳೆಗಳಿಗೆ ಒಂದು ಸೆಕೆಂಡ್. ಟ್ರ್ಯಾಕರ್ ಇಲ್ಲದೆ 250ರಲ್ಲಿ 1/5 ಸೆಕೆಂಡಿಗೇ ಒಂದು ಪಿಕ್ಸೆಲ್ ಜಾರುತ್ತೆ. ಅದಕ್ಕೆ ಪರಿಹಾರ ಐಎಸ್‌ಒ. 800ಕ್ಕೆ ಏರಿಸಿದರೆ ಆ ಒಂದು ಸೆಕೆಂಡ್ 1/8 ಆಗುತ್ತೆ. ಅಂಥ ಹತ್ತಾರು ಫ್ರೇಮ್ ತೆಗೆದು ಆಮೇಲೆ ಒಂದರ ಮೇಲೊಂದು ಪೇರಿಸಿದರೆ ನಾಯ್ಸ್ (ಚಿತ್ರದಲ್ಲಿನ ಕಾಳುಕಾಳು) ಇಳಿಯುತ್ತೆ. ಆರು ನಿಮಿಷ ಇದೆ, ಫ್ರೇಮ್‌ಗೆ ಬರವಿಲ್ಲ. ನಿಮ್ಮ ಪರಿಸ್ಥಿತಿಯಲ್ಲಿ ಟ್ರ್ಯಾಕರ್ ಬೇಡ ಅನ್ನೋದು ನನ್ನ ಅಭಿಪ್ರಾಯ.

ಡಲ್ಲಾಸ್‌ಕನ್ನಡಿಗ

ಟ್ರ್ಯಾಕರ್ ವಿಷಯದಲ್ಲಿ ನಾನು ಒಪ್ಪಲ್ಲ ತಾರೆಗಣ್ಣು ಅವರೇ. ಒಂದು ಗಂಟೆಗೂ ಮೀರಿ ಖಂಡಗ್ರಾಸ ನಡೀತಾ ಇರುತ್ತೆ, ಆಗೆಲ್ಲ ಸೂರ್ಯನನ್ನು ಮತ್ತೆ ಮತ್ತೆ ಹುಡುಕಿ ಮಧ್ಯಕ್ಕೆ ತರೋದು ದೊಡ್ಡ ಕಿರಿಕಿರಿ. ಸ್ಟಾರ್ ಅಡ್ವೆಂಚರರ್ ಥರದ ಚಿಕ್ಕ ಟ್ರ್ಯಾಕರ್ ಇದ್ದರೆ ಒಮ್ಮೆ ಹಿಡಿದು ಬಿಟ್ಟರಾಯಿತು. ಹಗಲಲ್ಲಿ ಧ್ರುವ ನಕ್ಷತ್ರ ಕಾಣಲ್ಲ ಅಂತ ಹೆದರಬೇಕಿಲ್ಲ, ಅಕ್ಷಾಂಶ 21.5 ಡಿಗ್ರಿಗೆ ಇಟ್ಟು ದಿಕ್ಸೂಚಿಯಿಂದ ಉತ್ತರ ಹಿಡಿದರೆ ಸಾಕು.

ತಾರೆಗಣ್ಣು (ಬೆಂಗಳೂರು)

ಜೋಡಣೆ ಸುಲಭ ಅನ್ನೋದು ನಿಜ. ಮೂರು ಡಿಗ್ರಿ ತಪ್ಪಿದ್ದರೂ ಆರು ನಿಮಿಷದಲ್ಲಿ ಸೂರ್ಯನ ವ್ಯಾಸದ ಆರನೇ ಒಂದು ಪಾಲಿನಷ್ಟೇ ಜಾರುತ್ತೆ. ಆದರೆ ಆಗಸ್ಟಿನ ಜೆಡ್ಡಾ ತಾರಸಿ ಅದು. ಕೆಡಬಹುದಾದ ಇನ್ನೊಂದು ಯಂತ್ರ, ಚಾರ್ಜ್ ಮಾಡಬೇಕಾದ ಇನ್ನೊಂದು ಬ್ಯಾಟರಿ ಯಾಕೆ ಅನ್ನೋದು ನನ್ನ ವಾದ. ಟ್ರ್ಯಾಕರ್ ಈಗಾಗಲೇ ಇದ್ದು, ಕೈ ಪಳಗಿದ್ದವರು ಧಾರಾಳವಾಗಿ ಬಳಸಲಿ. ಈ ಗ್ರಹಣಕ್ಕೆಂದೇ ಹೊಸದಾಗಿ ಕೊಳ್ಳುವುದು ಬೇಡ.

ಲಕ್ಸರ್‌ದಾರಿ (ಶಿವಮೊಗ್ಗ)

ನಾವು ಗೆಳೆಯರು ಲಕ್ಸರ್‌ಗೆ ಹೊರಟಿದ್ದೇವೆ, ಅಲ್ಲಿ 6 ನಿಮಿಷ 20 ಸೆಕೆಂಡ್ ಆಸುಪಾಸು ಸಿಗುತ್ತೆ. ಡ್ರೋನ್ ಒಯ್ಯಬಹುದಾ?

ಬೆಳಕಿನಬೇಟೆ (ಮೈಸೂರು)

ಬೇಡವೇ ಬೇಡ. ಈಜಿಪ್ಟಿನಲ್ಲಿ ಅನುಮತಿ ಇಲ್ಲದೆ ಡ್ರೋನ್ ತರುವುದು ನಿಷೇಧ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ವಿಮಾನದಲ್ಲಿ ಹೋಗುವವರು ಕೈಚೀಲದ ತೂಕದ ಮಿತಿಯನ್ನೂ ಲೆಕ್ಕ ಹಾಕಿ. ಬಹಳ ಕಡೆ 7 ಕೆಜಿ, ಅದರಲ್ಲಿ ಎರಡು ಕೆಜಿ ಲೆನ್ಸಿಗೇ ಹೋದರೆ ಉಳಿದದ್ದಕ್ಕೆ ಜಾಗ ಇಲ್ಲ. ಟ್ರೈಪಾಡ್ ಲಗೇಜಿಗೆ ಹಾಕಿ, ಫಿಲ್ಟರ್ ಮಾತ್ರ ಕೈಚೀಲದಲ್ಲೇ ಇರಲಿ.

ಹೊಸಚಿಗುರು (ರಿಯಾದ್)

ನಾನು ರಿಯಾದ್‌ನಿಂದ ಜೆಡ್ಡಾಕ್ಕೆ ಬರುವವಳು. ನನ್ನ ಹತ್ತಿರ ಫೋನ್ ಬಿಟ್ಟರೆ ಏನೂ ಇಲ್ಲ. ಅದರಲ್ಲಿ ಏನಾದರೂ ಆಗುತ್ತಾ?

ಡಲ್ಲಾಸ್‌ಕನ್ನಡಿಗ

ಖಂಡಿತ ಆಗುತ್ತೆ ಅಕ್ಕ. ಸೂರ್ಯನಿಗೆ ಝೂಮ್ ಮಾಡೋ ಪ್ರಯತ್ನ ಬಿಡಿ. ಅಲ್ಟ್ರಾವೈಡ್ ಲೆನ್ಸಿಗೆ ಹಾಕಿ, ಫೋನನ್ನು ಲಂಬವಾಗಿ ಸ್ಟ್ಯಾಂಡಿಗೆ ಕೂರಿಸಿ, ಕೆಳಗಡೆ ಮನೆಯವರೆಲ್ಲ ನಿಂತಿರುವುದು, ಮೇಲ್ಗಡೆ ಸೂರ್ಯ, ಎರಡೂ ಬರುವ ಹಾಗೆ ಇಟ್ಟು ಹತ್ತು ನಿಮಿಷ ಮುಂಚೆಯೇ ವಿಡಿಯೋ ಹಚ್ಚಿಬಿಡಿ. ನನ್ನ ಹತ್ತಿರ ಇರುವುದರಲ್ಲಿ ಮನೆಯವರು ಮತ್ತೆ ಮತ್ತೆ ಹಾಕಿಸಿಕೊಂಡು ನೋಡೋದು ಆ ವಿಡಿಯೋವನ್ನೇ. ಕತ್ತಲಾದ ಕ್ಷಣ ನಮ್ಮ ಪುಟ್ಟಿ "ಅಪ್ಪಾ, ಚುಕ್ಕಿ ಬಂತು" ಅಂತ ಕೂಗಿದ್ದು ಅದರಲ್ಲಿದೆ.

ತಾರೆಗಣ್ಣು (ಬೆಂಗಳೂರು)

77 ಡಿಗ್ರಿ ಎತ್ತರದ ಸೂರ್ಯನೂ ನೆಲವೂ ಒಂದೇ ಚೌಕಟ್ಟಿಗೆ ಬರಬೇಕಾದರೆ 24 ಮಿ.ಮೀ. (ದೊಡ್ಡ, ಫುಲ್‌ಫ್ರೇಮ್ ಸೆನ್ಸರಿನ ಲೆಕ್ಕದಲ್ಲಿ) ಸಾಲದು, ಲಂಬವಾಗಿ ಹಿಡಿದರೂ ಅದು 74 ಡಿಗ್ರಿಯಷ್ಟೇ ನೋಡುತ್ತೆ. ಫೋನಿನ ಅಲ್ಟ್ರಾವೈಡ್ ಸಾಮಾನ್ಯವಾಗಿ 13 ಮಿ.ಮೀ.ಗೆ ಸಮ, ಅದು ಸಾಕು. 80ಡಿ ಸೆನ್ಸರ್ ಅದಕ್ಕಿಂತ ಚಿಕ್ಕದಾದ್ದರಿಂದ ಕಡಲತಡಿಯವರ 18-55ಕ್ಕೆ ಇದು ಆಗಲ್ಲ, ಕ್ಯಾನನ್ 10-18 ಬಾಡಿಗೆಗೆ ಸಿಕ್ಕರೆ ಆಗುತ್ತೆ.

ಫೋನಿಗೆ ಬಿಸಿಲೇ ಶತ್ರು. ಆಗಸ್ಟಿನಲ್ಲಿ ಜೆಡ್ಡಾ 40 ಡಿಗ್ರಿ ಮುಟ್ಟುತ್ತೆ, ಬಿಸಿಲಲ್ಲಿಟ್ಟ ಫೋನ್ ತಾನಾಗಿ ಬಂದ್ ಆಗುತ್ತೆ. ಬಿಳಿ ಬಟ್ಟೆಯ ನೆರಳಲ್ಲಿಟ್ಟು, ಕೊನೇ ಹತ್ತು ನಿಮಿಷಕ್ಕೆ ಹೊರಗೆ ತೆಗೆಯಿರಿ. ಕ್ಯಾಮೆರಾಕ್ಕೂ ಅಷ್ಟೆ, ಒದ್ದೆಯಲ್ಲದ ಬಿಳಿ ಟವೆಲ್ ಹೊದಿಸಿ. ಬಿಸಿಗೆ ಲೆನ್ಸ್ ಹಿಗ್ಗಿ ಫೋಕಸ್ ಸರಿಯುತ್ತೆ. ಬೆಳಗ್ಗೆ ಮಾಡಿದ ಫೋಕಸ್ ಮಧ್ಯಾಹ್ನಕ್ಕೆ ನಂಬಬೇಡಿ. ಹತ್ತು ನಿಮಿಷ ಮುಂಚೆ ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಸೂರ್ಯನ ಕಲೆ ಕಂಡರೆ ಕಲೆಯ ಮೇಲೆ, ಇಲ್ಲದಿದ್ದರೆ ಕುಡುಗೋಲಿನಂತೆ ಉಳಿದ ಸೂರ್ಯನ ಕೊಂಬಿನ ತುದಿಯ ಮೇಲೆ ಕೈಯಾರೆ ಫೋಕಸ್ ಮಾಡಿ. ಆಟೋಫೋಕಸ್ ಬಂದ್, ಇಮೇಜ್ ಸ್ಟೆಬಿಲೈಸರ್ ಬಂದ್.

ಚಂದ್ರ ಈ ಸಲ ಭೂಮಿಗೆ ಹತ್ತಿರ ಇರೋದರಿಂದ ಅವನ ಬಿಂಬ ಸೂರ್ಯನಿಗಿಂತ ಎದ್ದು ಕಾಣುವಷ್ಟು ದೊಡ್ಡದು. ಅಂಚಿನ ಗುಲಾಬಿ ಜ್ವಾಲೆಗಳಲ್ಲಿ ಗಿಡ್ಡವು ನಡುಹೊತ್ತಿನಲ್ಲಿ ಮುಚ್ಚಿಹೋಗಿರುತ್ತವೆ. ಒಂದು ಬದಿಯವು ಮೊದಲ ಕೆಲವು ಸೆಕೆಂಡ್, ಇನ್ನೊಂದು ಬದಿಯವು ಕೊನೆಯ ಕೆಲವು ಸೆಕೆಂಡ್ ಮಾತ್ರ. ಚಿಕ್ಕ ಎಕ್ಸ್‌ಪೋಶರ್‌ಗಳನ್ನು ಆ ಎರಡು ತುದಿಗೆ ಇಟ್ಟುಕೊಳ್ಳಿ, ಉದ್ದದವನ್ನು ನಡುವೆ.

ಕಡಲತಡಿ (ಜೆಡ್ಡಾ)

ಎಷ್ಟು ಉಪಕಾರ ಮಾರಾಯ್ರೆ! ಹಾಗಾದರೆ 150-600 ಬೇಡ ಅಂತ ಅವರಿಗೆ ಹೇಳಿಬಿಟ್ಟೆ. 55-250 ಇರಲಿ, ಗಟ್ಟಿ ಟ್ರೈಪಾಡ್ ಒಂದು ನೋಡ್ತೇನೆ, ಫಿಲ್ಮ್ ಹಾಳೆ ತರಿಸ್ತೇನೆ. ಇನ್ನು ಕಾಕಾ ಕೇಳಿದ್ದು ಬಾಕಿ ಉಂಟು, ಕ್ಯಾಮೆರಾ ತಾನಾಗಿ ತೆಗೆಯುವುದು ಹೇಗೆ?

ಡಲ್ಲಾಸ್‌ಕನ್ನಡಿಗ

ಕ್ಯಾಮೆರಾ ಮೆನುವಿನಲ್ಲಿ ಎಕ್ಸ್‌ಪೋಶರ್ ಬ್ರ್ಯಾಕೆಟಿಂಗ್ ಇದೆ, ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ ಸಾಲಾಗಿ ತೆಗೆಯುತ್ತೆ. ಎಷ್ಟು ಜಾಸ್ತಿ ಫ್ರೇಮ್, ಎಷ್ಟು ಅಗಲದ ಅಂತರ ಕೊಡುತ್ತೋ ಅಷ್ಟಕ್ಕೂ ಇಡಿ. ಮ್ಯಾನುವಲ್ ಮೋಡ್, ರಾ ಫೈಲ್, ಕಂಟಿನ್ಯೂಯಸ್ ಶೂಟಿಂಗ್. ಹೊರಗಿಂದ ಒಂದು ಇಂಟರ್ವೆಲೋಮೀಟರ್ (ಇಷ್ಟಿಷ್ಟು ಹೊತ್ತಿಗೆ ತಾನಾಗಿ ಕ್ಲಿಕ್ ಮಾಡಿಸುವ ಸಾಧನ) ಸಿಕ್ಕಿಸಿ, ಒಂದು ಸರಣಿ ಮುಗಿದು ಕಾರ್ಡಿಗೆ ಬರೆದು ಮುಗಿಯುವಷ್ಟು ಅಂತರ ಕೊಟ್ಟು ಬಿಡಿ. ವೇಗದ ಕಾರ್ಡ್ ಹಾಕಿ, ಇಲ್ಲದಿದ್ದರೆ ಬಫರ್ (ಕ್ಯಾಮೆರಾದೊಳಗೆ ಫೋಟೋ ತಾತ್ಕಾಲಿಕವಾಗಿ ಕೂರುವ ಜಾಗ) ತುಂಬಿ ನಡುವೆ ನಿಂತುಬಿಡುತ್ತೆ. ಆಮೇಲೆ ನಿಮ್ಮ ಕೈಗೆ ಇರೋದು ಎರಡೇ ಕೆಲಸ. ಪೂರ್ತಿ ಮುಚ್ಚಲು ಹದಿನೈದಿಪ್ಪತ್ತು ಸೆಕೆಂಡ್ ಇರುವಾಗ ಟೋಪಿ ತೆಗೆಯೋದು, ಎರಡನೇ ವಜ್ರದುಂಗುರ ಹೊಳೆದ ಕೂಡಲೇ ಹಾಕೋದು. ಟೋಪಿ ತೆಗೆದ ಹೊತ್ತಲ್ಲಿ ವ್ಯೂಫೈಂಡರ್‌ಗೆ ಯಾರೂ ಕಣ್ಣಿಡಬಾರದು, ಅದರ ಮೇಲೆ ಕಪ್ಪು ಟೇಪ್ ಅಂಟಿಸಿಬಿಡಿ.

ಬಯಲುಗಾಳಿ (ಹುಬ್ಬಳ್ಳಿ)

ಇಷ್ಟ ಆದರ ಸಾಕು ತಮ್ಮಾ. ಅವ್ವನ್ನ ಮರೀದ ಕರಕೊಂಡು ಬರ್ರಿ. ಕುಂದರಲಿಕ್ಕೆ ಕುರ್ಚಿ, ನೆರಳಿಗೊಂದು ಛತ್ರಿ, ನೀರು ಇಟ್ಟುಕೊಳ್ಳರಿ. ಆ ಬಿಸಲಾಗ ವಯಸ್ಸಾದವರಿಗೆ ತ್ರಾಸ ಆಗತದ.

ತಾರೆಗಣ್ಣು (ಬೆಂಗಳೂರು)

ತಾಲೀಮು ಮಾಡೋದಕ್ಕೆ ಒಂದು ಸುಲಭದ ದಾರಿ ಇದೆ. ಮೇ 10ರ ಆಸುಪಾಸಿನಲ್ಲಿ ಸೂರ್ಯ ಆಕಾಶದಲ್ಲಿ ಹೆಚ್ಚೂಕಮ್ಮಿ ಆಗಸ್ಟ್ 2ರ ದಾರಿಯಲ್ಲೇ ಸಾಗುತ್ತಾನೆ. ಆವತ್ತು ಅದೇ ಹೊತ್ತಿಗೆ, ಅದೇ ತಾರಸಿಯಲ್ಲಿ, ಫಿಲ್ಟರ್ ಹಾಕಿಕೊಂಡೇ ಆರು ನಿಮಿಷ ಪೂರ್ತಿ ಓಡಿಸಿ ನೋಡಿ. ಸೂರ್ಯ ಫ್ರೇಮ್‌ನಲ್ಲಿ ಎಲ್ಲಿಂದ ಎಲ್ಲಿಗೆ ಜಾರಿದ, ಬಫರ್ ತುಂಬಿತಾ, ಹೆಡ್ ಕುಸಿಯಿತಾ ಎಲ್ಲಾ ಗೊತ್ತಾಗುತ್ತೆ. ಟೋಪಿ ತೆಗೆದು ಹಾಕುವುದನ್ನು ಮಾತ್ರ ಬಿಸಿಲಲ್ಲಿ ಮಾಡಬೇಡಿ, ಮನೆಯೊಳಗೆ ಕೂತು ಕಣ್ಣು ಮುಚ್ಚಿಕೊಂಡು ಕೈಗೆ ಅಭ್ಯಾಸ ಆಗುವವರೆಗೆ ಮಾಡಿ.

ಬೆಳಕಿನಬೇಟೆ (ಮೈಸೂರು)

ಆ ಫೋಟೋಗಳನ್ನು ಕುಗ್ಗಿಸದೆ ಇಲ್ಲೇ ಹಾಕಿ ಸರ್, ಫೋಕಸ್, ಅಲುಗಾಟ ಎರಡೂ ನೋಡಿ ಹೇಳುತ್ತೇನೆ. ಎ4 ಹಾಳೆಯಲ್ಲಿ 55-250ಕ್ಕೆ ಕತ್ತರಿಸಿದ ಮೇಲೂ ಬೇಕಾದಷ್ಟು ಉಳಿಯುತ್ತೆ. ಅದರಲ್ಲಿ ಇನ್ನೊಂದು ಟೋಪಿ ಮಾಡಿ ಪಕ್ಕದಲ್ಲಿಟ್ಟುಕೊಳ್ಳಿ, ಮೊದಲನೆಯದು ಗಾಳಿಗೆ ಹಾರಿದರೆ ಹುಡುಕುತ್ತಾ ಕೂರುವುದು ಬೇಡ.